ಮಂಜನಿಗೆ, ಹ್ಯಾಮಕ್ ಮಾರುವ ಮುಂಚೆ

ಲೇ ಮಂಜ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಹ್ಯಾಮಕ್‌ನಲ್ಲಿ, ಅದೇ ಎರಡು ಮರದ ನಡುವೆ ಕಟ್ಟೋ ಬಟ್ಟೆ ಜೋಲಿಯಲ್ಲಿ, ಬಾಳೆಹಣ್ಣಿನ ಹಂಗೆ ಬಗ್ಗಿ ಮಲಗಿ ಬೆಳಿಗ್ಗೆ ಸೊಂಟ ಹಿಡ್ಕೊಂಡು ಎದ್ದೆ, ಇದೆಲ್ಲ ಫೋಟೋ ಹೊಡ್ಕೊಳ್ಳೋರ ಸಾಮಾನು, ಯಾರಿಗಾದ್ರೂ ಮಾರಿಬಿಡ್ತೀನಿ ಅಂದಿದ್ದೀಯ. ಮಾರಬೇಡ. ಹ್ಯಾಮಕ್ ಸರಿಯಾಗೇ ಇದೆ, ಕಟ್ಟಿದ ಕೈ ಸರಿ ಇಲ್ಲ. ಫೋನಲ್ಲಿ ಹೇಳೋಣ ಅಂದ್ರೆ ನೀನು ಅರ್ಧದಲ್ಲಿ ರಾಜಕೀಯಕ್ಕೆ ಹೋಗ್ತೀಯ, ಅದಕ್ಕೇ ಬರೀತಿದ್ದೀನಿ. ಇದೇ ತಕರಾರು ಇನ್ನೂ ಕೆಲವರದ್ದು ಇರೋದ್ರಿಂದ ಎಲ್ಲರಿಗೂ ಕಾಣೋ ಹಂಗೆ ಹಾಕ್ತಿದ್ದೀನಿ. ಓದೋ ಉಳಿದವರು ಮಂಜನ ಸೊಂಟಕ್ಕೆ ಕನಿಕರ ತೋರಿಸಬೇಡಿ. ಕೊಂಡಜ್ಜಿ ಕ್ಯಾಂಪಿನಿಂದಲೂ ಅದು ಹಂಗೇ ಇದೆ. ಕಾರಣ ಅವನಿಗೆ ಗೊತ್ತು, ನನಗೆ ಗೊತ್ತು, ಆ ಬಕೆಟ್‌ಗೆ ಗೊತ್ತು.

ನೀನು ಕಳಿಸಿದ ಫೋಟೋ ನೋಡಿದ ಕೂಡ್ಲೇ ಕಂಡಿದ್ದು ಬಿಗಿ. ಎಲ್ಲರೂ ಹಿಂಗೇ ಮಾಡ್ತಾರೆ. ಜೋತು ಬಿದ್ದ ಬಟ್ಟೆ ಬೆನ್ನು ಬಗ್ಗಿಸುತ್ತೆ ಅಂದ್ಕೊಂಡು ಎಳೆದೂ ಎಳೆದೂ ಮಟ್ಟ ಮಾಡ್ತಾರೆ. ಆಗೋದು ಉಲ್ಟಾ. ಬಿಗಿಯಾಗಿ ಕಟ್ಟಿದಾಗ ಬಟ್ಟೆಯ ಎರಡೂ ಅಂಚು ಎದ್ದು ನಿಂತು ಭುಜ ಹಿಸುಕುತ್ತವೆ. ನೀನು ನಡುಗೆರೆಯಲ್ಲಿ ಸಿಕ್ಕಿಬೀಳ್ತೀಯ. ಹೊರಳೋಕೆ ಜಾಗ ಇರಲ್ಲ, ಹೊರಳಿದ್ರೆ ಮಗುಚಿ ಕೆಳಗೆ. ಸಡಿಲ ಬಿಟ್ಟಾಗ ಮಾತ್ರ ಓರೆಯಾಗಿ ಮಲಗೋದಕ್ಕೆ ಬಟ್ಟೆ ಸಿಗುತ್ತೆ. ಓರೆಯಾಗಿ ಮಲಗಿದಾಗ ಮಾತ್ರ ಬೆನ್ನು ನೆಟ್ಟಗಾಗುತ್ತೆ.

ಎಷ್ಟು ಸಡಿಲ? ಮರದಿಂದ ಹ್ಯಾಮಕ್ ತುದಿಗೆ ಇಳಿಯೋ ಪಟ್ಟಿ ಅಡ್ಡಗೆರೆಗೆ ಸುಮಾರು 30 ಡಿಗ್ರಿ ಓರೆಯಲ್ಲಿರಬೇಕು. ಅಳೆಯೋಕೆ ಕೈಯೇ ಸಾಕು: ಹೆಬ್ಬೆರಳು ಮೇಲಕ್ಕೆ, ತೋರುಬೆರಳು ಅಡ್ಡಕ್ಕೆ ಚಾಚಿ ಪಿಸ್ತೂಲು ಮಾಡು. ಎರಡೂ ಬೆರಳ ತುದಿ ಸೇರಿಸಿ ಗೆರೆ ಎಳೆದಂತೆ ಊಹಿಸ್ಕೋ. ಆ ಗೆರೆಯ ಇಳಿಜಾರು, ಪಟ್ಟಿಯ ಇಳಿಜಾರು ಹೆಚ್ಚುಕಮ್ಮಿ ಒಂದೇ ಇರಲಿ.

ಇದು ಬರೀ ಬೆನ್ನಿನ ವಿಷಯ ಅಲ್ಲ. 70 ಕೆ.ಜಿ. ಆಸಾಮಿ ಮಲಗಿದಾಗ 30 ಡಿಗ್ರಿಯಲ್ಲಿ ಒಂದೊಂದು ಪಟ್ಟಿಯ ಮೇಲೂ 70 ಕೆ.ಜಿ. ಎಳೆತ. 15 ಡಿಗ್ರಿಗೆ ಬಂದ್ರೆ 135. 10ಕ್ಕೆ 200. ನೀನು ಫೋಟೋದಲ್ಲಿ ಕಟ್ಟಿರೋ ಹಂಗೆ 5 ಡಿಗ್ರಿಗೆ ತಂದ್ರೆ ಒಂದೊಂದು ಕಡೆಗೆ 400 ಕೆ.ಜಿ. ಅದಕ್ಕೇ ಬಿಗಿ ಕಟ್ಟಿದವರ ಹೊಲಿಗೆ ಬಿಚ್ಚೋದು, ಕೊಕ್ಕೆ ಅಗಲ ಆಗೋದು. ಕೀ ಗೊಂಚಲಿಗೆ ಹಾಕೋ ಬಣ್ಣದ ಕೊಕ್ಕೆಗಳನ್ನ ಇದಕ್ಕೆ ಬಳಸಲೇಬೇಡ. ಭಾರದ ಗುರುತು ಕೊರೆದಿರೋ ಕ್ಯಾರಬೈನರ್, ಅಂದ್ರೆ ಬಾಯಿ ಮುಚ್ಚೋ ಲೋಹದ ಕೊಕ್ಕೆ ತಗೋ. 12 ಕಿಲೋನ್ಯೂಟನ್ ಅಂತ ಇದ್ರೆ ಸುಮಾರು 1200 ಕೆ.ಜಿ. ತಡೀತದೆ, ಯಥೇಚ್ಛ ಆಯ್ತು.

ನಿನ್ನದು 300 ಸೆಂ.ಮೀ. ಉದ್ದ, 150 ಅಗಲದ್ದು. ನಿನ್ನ ಎತ್ತರಕ್ಕೆ ಸಾಕು. ಆರಡಿ ಜನ 335 ಸೆಂ.ಮೀ., ಅಂದ್ರೆ 11 ಅಡಿಯದು ತಗೊಳ್ಳಲಿ. 260-270ರ ಅಗ್ಗದ ಹ್ಯಾಮಕ್‌ಗಳು ಮಧ್ಯಾಹ್ನ ಊಟ ಆದ ಮೇಲೆ ಅಡ್ಡಾಗೋಕೆ ಪರವಾಗಿಲ್ಲ, ರಾತ್ರಿಗಲ್ಲ. ‘ಇಬ್ಬರಿಗೆ’ ಅಂತ ಬರೆದಿದ್ದು ಅಗಲ ಅಂತಷ್ಟೇ ಅರ್ಥ. ಇಬ್ಬರು ಮಲಗಿದ್ರೆ ಇಬ್ಬರೂ ನಡುವಿಗೆ ಉರುಳಿ ಒಬ್ಬರ ಮೇಲೊಬ್ಬರು ಬೀಳ್ತಾರೆ.

ಮರ ಮರಕ್ಕೆ 12ರಿಂದ 15 ಅಡಿ ಅಂತರ ಇರಲಿ. ಪಟ್ಟಿಯನ್ನ 5ರಿಂದ 6 ಅಡಿ ಎತ್ತರಕ್ಕೆ ಕಟ್ಟು. ನೀನು ಕೂತಾಗ ಬಟ್ಟೆ ನೆಲದಿಂದ 45 ಸೆಂ.ಮೀ. ಇದ್ರೆ, ಅಂದ್ರೆ ಕುರ್ಚಿ ಮಟ್ಟ ಇದ್ರೆ ಲೆಕ್ಕ ಸರಿ. ಅಂತರ ಹೆಚ್ಚಾದಂತೆ ಪಟ್ಟಿ ಮೇಲೇರಬೇಕು. 20 ಅಡಿಗೆ 7 ಅಡಿ ದಾಟುತ್ತೆ. ಈ ವಿಷಯದಲ್ಲಿ ನಮ್ಮ ಕಡೆ ತೋಟಗಳು ಹ್ಯಾಮಕ್‌ನವರ ವೈರಿಗಳು. ಅಡಿಕೆ ಸಾಲು 9 ಅಡಿಗೆ, ತೆಂಗು 25 ಅಡಿಗೋ ಇನ್ನೂ ದೂರಕ್ಕೋ. ಒಂದು ಹತ್ರ ಆಯ್ತು, ಇನ್ನೊಂದು ದೂರ ಆಯ್ತು. ಅಡಿಕೆಯಲ್ಲಿ ಮೂಲೆಯಿಂದ ಮೂಲೆಗೆ ಹಿಡಿದ್ರೆ ಪೌಣೆ ಹದಿಮೂರು ಅಡಿ ಸಿಗುತ್ತೆ ಅಂತ ಚನ್ನಗಿರಿ ಕಡೆಯ ಜಾಣರು ಹೇಳ್ತಾರೆ. ಲೆಕ್ಕ ಸರಿ, ಮರ ಸರಿಯಲ್ಲ. ಅಡಿಕೆ ಬೇರು ಮೇಲ್ಮಣ್ಣಿನದ್ದು, ಕಾಂಡ ಸಪೂರ, ನೀರು ಹಾಯಿಸಿದ ಮಣ್ಣು ಮೆತ್ತಗೆ. ಪಕ್ಕಕ್ಕೆ ಎಳೆದ್ರೆ ವಾಲುತ್ತೆ. ಇನ್ನು ತೆಂಗಿನ ಕೆಳಗೆ ಮಲಗೋದು ಬೇಡ ಅಂತ ನಿನಗೆ ಬಿಡಿಸಿ ಹೇಳಬೇಕಾ? ಕಾಯಿಗಿಂತ ಒಣಗರಿ ಮೋಸ. ಗಾಳಿಯೇ ಇಲ್ಲದ ಹೊತ್ತಲ್ಲೂ ಕಳಚಿಕೊಳ್ಳುತ್ತೆ.

ನಿಮ್ಮ ಮಾವನ ತೋಟದ ಬದುವಿನಲ್ಲಿ ಹೊಂಗೆ, ಬೇವು ಇವೆಯಲ್ಲ, ಅವೇ ಒಳ್ಳೇದು. ಬುಡ 15 ಸೆಂ.ಮೀ.ಗಿಂತ ದಪ್ಪ ಇರಲಿ, ಹಸಿ ಮರ ಇರಲಿ. ಕತ್ತೆತ್ತಿ ಮೇಲೆ ಒಣಕೊಂಬೆ ಇದೆಯಾ ನೋಡು. ಇದನ್ನ ಕತ್ತಲಾಗೋಕೆ ಮುಂಚೆ ನೋಡಬೇಕು. ಮಾವಿನಮರದಲ್ಲಿ ಎಲೆ ಹೆಣೆದ ಗೂಡು ಕಂಡ್ರೆ ಬೇರೆ ಮರ ಹುಡುಕು, ಕೆಂಜಿಗ ಪಟ್ಟಿ ಹಿಡಿದೇ ಇಳಿದು ಬರುತ್ತೆ. ಹುಣಸೆ ಗಟ್ಟಿಮರ, ದೆವ್ವದ ವಿಚಾರ ನಿನಗೂ ನಿಮ್ಮತ್ತೆಗೂ ಬಿಟ್ಟಿದ್ದು.

ಒಂದು ವಿಷಯ ಮಾತ್ರ ತಮಾಷೆ ಬಿಟ್ಟು ಹೇಳ್ತೀನಿ. ಚಿತ್ರದುರ್ಗದ ಕಡೆ ತೋಟಕ್ಕೆಲ್ಲ ಕಲ್ಲುಕಂಬ. ಬೇಲಿಗೆ, ದ್ರಾಕ್ಷಿ ಚಪ್ಪರಕ್ಕೆ, ದನದ ಕೊಟ್ಟಿಗೆಗೆ. ನೋಡೋಕೆ ಅದಕ್ಕಿಂತ ಗಟ್ಟಿ ಇನ್ನೊಂದಿಲ್ಲ ಅನ್ನಿಸುತ್ತೆ, ಅಂತರವೂ ಸರಿಯಾಗಿ ಸಿಗುತ್ತೆ. ಕಟ್ಟಬೇಡ. ಕಲ್ಲು ಮೇಲಿಂದ ಹೇರಿದ ಭಾರ ಎಷ್ಟಾದ್ರೂ ಹೊರುತ್ತೆ, ಅಡ್ಡ ಎಳೆದ್ರೆ ಬಗ್ಗದೇ ಮುರಿಯುತ್ತೆ. 30 ಡಿಗ್ರಿಯಲ್ಲೇ ಕಟ್ಟಿದ್ರೂ 70 ಕೆ.ಜಿ. ಮನುಷ್ಯನಿಂದ ಸುಮಾರು 60 ಕೆ.ಜಿ. ಅಡ್ಡ ಎಳೆತ ಇರುತ್ತೆ, ಅದೂ 5 ಅಡಿ ಎತ್ತರದಲ್ಲಿ. ಮುರಿದ ಕಂಬ ಬೀಳೋದು ಒಳಗಡೆಗೆ, ಮಲಗಿದವನ ತಲೆ ಇರೋ ಕಡೆಗೆ. ಇಟ್ಟಿಗೆಯ ಗೇಟ್ ಕಂಬ, ಮಹಡಿಯ ಪ್ಯಾರಾಪೆಟ್ ಗೋಡೆ, ಅವಕ್ಕೂ ಇದೇ ಮಾತು. ಕಬ್ಬಿಣ ಹಾಕಿ ಕಾಂಕ್ರೀಟ್ ಸುರಿದ, ಕೆಳಗಿನಿಂದ ಬಂದಿರೋ ಪಿಲ್ಲರ್ ಆದ್ರೆ ಮಾತ್ರ ಸರಿ. ಬಂಡೆಗೆ ಸುತ್ತಿ ಕಟ್ಟೋ ಯೋಚನೆಯೂ ಬೇಡ. ದುರ್ಗದ ಬಂಡೆಯ ಏಣು ಪಟ್ಟಿಯನ್ನ ಅರದ ಹಂಗೆ ಸವೆಸುತ್ತೆ.

ಹಗ್ಗ ಬಿಟ್ಟು ಪಟ್ಟಿ ಯಾಕೆ ಅಂತ ನೀನು ಕೇಳಿದ್ದೆ. ಸಣ್ಣ ಹಗ್ಗ ತೊಗಟೆ ಕೊರೆದು ಒಳಗಿನ ಹಸಿ ಪದರಕ್ಕೆ ಗಾಯ ಮಾಡುತ್ತೆ, ಮರ ಬೆಳೆಯೋದು ಆ ಪದರದಿಂದ. ಒಂದು ಅಂಗುಲಕ್ಕೆ ಕಮ್ಮಿ ಅಗಲದ ಪಟ್ಟಿ ಬೇಡ. ಪಾಲಿಯೆಸ್ಟರ್ ತಗೋ. ನೈಲಾನ್ ಪಟ್ಟಿ ಭಾರಕ್ಕೆ ಹಿಗ್ಗುತ್ತೆ, ಇಬ್ಬನಿ ಕುಡಿದ್ರೆ ಇನ್ನೂ ಹಿಗ್ಗುತ್ತೆ. ರಾತ್ರಿ ಕುರ್ಚಿ ಮಟ್ಟದಲ್ಲಿ ಮಲಗಿದವನು ಬೆಳಗಿನ ಜಾವ ನೆಲ ಸವರ್ತಾ ಇರ್ತಾನೆ.

ಇನ್ನೊಂದು ಹುರಿ ಬೇಕು. ಹ್ಯಾಮಕ್‌ನ ಎರಡೂ ತುದಿ ಸೇರಿಸಿ ಮೇಲೆ ಅಡ್ಡ ಹೋಗೋ, ಹಿಗ್ಗದ, 3 ಮಿ.ಮೀ. ಹುರಿ. ಉದ್ದ ಹ್ಯಾಮಕ್‌ನ 83 ಪರ್ಸೆಂಟ್. ನಿನ್ನ 300ಕ್ಕೆ 250 ಸೆಂ.ಮೀ. ಲೆಕ್ಕ ಹಿಡಿ. ಇದನ್ನ ಒಂದು ಸಲ ಕಟ್ಟಿಟ್ರೆ ಮರ ಎಷ್ಟೇ ದೂರ ಇರಲಿ, ಬಟ್ಟೆಯ ಜೋತು ಯಾವಾಗಲೂ ಒಂದೇ. ಮಲಗಿದ ಮೇಲೆ ಆ ಹುರಿಯನ್ನ ಎರಡು ಬೆರಳಲ್ಲಿ ಹಿಡಿದು ಬಗ್ಗಿಸು. ಸ್ವಲ್ಪ ಬಗ್ಗಿದ್ರೆ ಸರಿ. ಬಗ್ಗದೇ ಇದ್ರೆ ಪಟ್ಟಿ ಬಿಗಿ ಜಾಸ್ತಿ, ಇಳಿಬಿದ್ರೆ ಸಡಿಲ ಜಾಸ್ತಿ. ಟಾರ್ಚು, ಕನ್ನಡಕ ನೇತುಹಾಕೋಕೂ ಆಯ್ತು.

ಈಗ ಮಲಗೋದು. ಮೊಣಕಾಲು ಊರಿ ಹತ್ತಬೇಡ. ಬೆನ್ನು ಹಾಕಿ ನಿಂತ್ಕೊ, ಬಟ್ಟೆಯನ್ನ ಎರಡೂ ಕೈಯಲ್ಲಿ ಅಗಲಿಸಿ ಬೆನ್ನ ಹಿಂದೆ ಹೆಗಲ ತನಕ ತಗೋ, ನಟ್ಟನಡುವೆ ಕೂತ್ಕೋ. ಆಮೇಲೆ ತಲೆ, ಕಾಲು ಒಟ್ಟಿಗೆ. ಈಗ ಕಾಲನ್ನ ನಡುಗೆರೆಯಿಂದ ಒಂದು ಗೇಣು ಎಡಕ್ಕೆ, ತಲೆಯನ್ನ ಅಷ್ಟೇ ಬಲಕ್ಕೆ ಸರಿಸು. ಬಟ್ಟೆ ಅಡ್ಡಕ್ಕೆ ಹಿಗ್ಗಿ ಮಟ್ಟ ಆಗೋದು ಆ ಕ್ಷಣದಲ್ಲೇ ಬೆನ್ನಿಗೆ ಗೊತ್ತಾಗುತ್ತೆ. ನಡುಗೆರೆಯಲ್ಲಿ ನೇರ ಮಲಗಿದಾಗ ಮೊಣಕಾಲು ಹಿಂದಕ್ಕೆ ಬಾಗಿ ಮೀನಖಂಡ ನೋಯೋದು, ಗದ್ದ ಎದೆಗೆ ತಾಗೋದು, ನಿನ್ನ ದೂರುಗಳೆಲ್ಲ ಇಲ್ಲಿಗೆ ಮುಗೀತು. ಎಡ-ಬಲ ಅದಲುಬದಲು ಮಾಡಿ ನೋಡು, ಒಂದು ಕಡೆ ಮೈಗೆ ಒಗ್ಗುತ್ತೆ. ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ರೆ ಇನ್ನೂ ಆರಾಮು. ದೊಡ್ಡ ದಿಂಬು ಬೇಡ, ತಲೆ ಆಗಲೇ ಎತ್ತರದಲ್ಲಿದೆ. ಕುತ್ತಿಗೆ ಸಂದಿಗೆ ಏನಾದ್ರೂ ಮೆತ್ತಗಿದ್ದು ಸಾಕು.

ರಾತ್ರಿಯಿಡೀ ಕಾಲ ಕಡೆಗೆ ಜಾರ್ತಿದ್ದೆ ಅಂದ್ಯಲ್ಲ, ಅದು ಸಹಜ. ತಲೆ, ಎದೆಯ ಕಡೆ ಭಾರ ಜಾಸ್ತಿ, ಹಂಗಾಗಿ ಆ ಭಾರ ನಡುವಿನ ತಗ್ಗಿಗೆ ಇಳಿದು ಮೈ ಕಾಲ ಕಡೆಗೆ ಜಾರುತ್ತೆ. ಕಾಲ ಕಡೆಯ ಪಟ್ಟಿಯನ್ನ ತಲೆ ಕಡೆಗಿಂತ 20 ಸೆಂ.ಮೀ. ಮೇಲೆ ಕಟ್ಟು, ನಿಂತುಹೋಗುತ್ತೆ.

ಚಳಿ. ಇದೇ ನಿನ್ನನ್ನ ಮೂರು ಗಂಟೆಗೆ ಎಬ್ಬಿಸಿದ್ದು, ಸೊಂಟ ಅಲ್ಲ. ನೆಲದ ಮೇಲೆ ಮಲಗಿದಾಗ ಕೆಳಗೆ ಗಾಳಿ ಆಡಲ್ಲ, ಇಲ್ಲಿ ಬೆನ್ನ ಕೆಳಗೇ ಗಾಳಿ ಓಡಾಡುತ್ತೆ. 20 ಡಿಗ್ರಿ ಅಂದ್ರೆ ನಮಗೆ ಹಿತವಾದ ರಾತ್ರಿ, ಆದ್ರೂ ಹ್ಯಾಮಕ್‌ನಲ್ಲಿ ಬೆನ್ನು ತಣ್ಣಗಾಗುತ್ತೆ. ಮೇಲೆ ಎಷ್ಟು ಹೊದ್ರೂ ಉಪಯೋಗ ಇಲ್ಲ. ಸ್ಲೀಪಿಂಗ್ ಬ್ಯಾಗಿನ ಹತ್ತಿ, ಪುಕ್ಕ ಮೈ ಭಾರಕ್ಕೆ ಒತ್ತಿ ಹಪ್ಪಳ ಆಗುತ್ತೆ. ಬೆಚ್ಚಗಿಡೋದು ಅದರೊಳಗಿನ ಗಾಳಿ, ಅದೇ ಇರಲ್ಲ. ಇದಕ್ಕಂತ ಹ್ಯಾಮಕ್ ಕೆಳಗೆ ಹೊರಗಡೆಯಿಂದ ನೇತುಹಾಕೋ ರಜಾಯಿ ಸಿಗುತ್ತೆ, ದುಬಾರಿ. ಬಟ್ಟೆಗೆ ತಾಗಿಯೂ ಇರಬೇಕು, ಒತ್ತಲೂಬಾರದು. ನಮ್ಮ ಚಳಿಗೆ 10 ಮಿ.ಮೀ. ಫೋಮ್ ಚಾಪೆ ಸಾಕು. ಯೋಗ ಮ್ಯಾಟ್ ತೆಳು ಆಯ್ತು. ಚಾಪೆ ಕಿರಿದಾಗಿ ಭುಜ ಹೊರಗುಳಿಯುತ್ತೆ, ಅಲ್ಲಿಗೆ ಒಂದು ತುಂಡು ಅಡ್ಡ ಹಾಕು. ನನ್ನನ್ನ ಕೇಳಿದ್ರೆ ಚಳ್ಳಕೆರೆ ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸೋದು ಎಲ್ಲಕ್ಕಿಂತ ಮೇಲು. ಉಣ್ಣೆ ಒತ್ತಿದ್ರೂ ಪೂರ್ತಿ ಚಪ್ಪಟೆ ಆಗಲ್ಲ, ಇಬ್ಬನಿಗೆ ತೇವ ಆದ್ರೂ ಬಿಸಿ ಬಿಡಲ್ಲ, ನೈಲಾನ್ ಮೇಲೆ ಜಾರಲ್ಲ. ಚುಚ್ಚುತ್ತೆ, ಹೌದು. ಮೇಲೊಂದು ಪಂಚೆ ಹಾಸ್ಕೋ.

ಇಷ್ಟೆಲ್ಲ ಮಾಡಿದ್ರೆ ನಿದ್ದೆ ಬರುತ್ತಾ? ಬರಬೇಕು. 2011ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು 12 ಜನರನ್ನ ಮಧ್ಯಾಹ್ನ 45 ನಿಮಿಷ ತೂಗೋ ಮಂಚದಲ್ಲಿ ಮಲಗಿಸಿ ಮಿದುಳಿನ ಅಲೆ ನೋಡಿದ್ರು. ಅಲುಗದ ಮಂಚಕ್ಕಿಂತ ತೂಗೋ ಮಂಚದಲ್ಲಿ ಬೇಗ ನಿದ್ದೆ ಹತ್ತಿತು, ಆಳವೂ ಆಯ್ತು. ತೊಟ್ಟಿಲು ತೂಗಿದ ಯಾವ ಅಜ್ಜಿಯನ್ನ ಕೇಳಿದ್ರೂ ಪುಕ್ಕಟೆ ಹೇಳ್ತಿದ್ಳು ಅನ್ನು. ಆದ್ರೆ ಅವರು ಆರಿಸ್ಕೊಂಡಿದ್ದು ಮೊದಲೇ ಚೆನ್ನಾಗಿ ನಿದ್ದೆ ಮಾಡೋ ಜನರನ್ನ. ನಮ್ಮಂಥವರನ್ನಲ್ಲ.

ನಮ್ಮಂಥವರು ಅಂತ ಬರೆದುಬಿಟ್ಟೆ. ಇರಲಿ, ಅಳಿಸಲ್ಲ.

ನಿನ್ನ ಮೆಸೇಜ್ ಇನ್ನೊಂದು ಸಲ ಕೇಳಿದೆ. ಸೊಂಟ, ಚಳಿ, ಸೊಳ್ಳೆ ಎಲ್ಲ ಬೈದು ಮುಗಿಸಿ, ಕೊನೆಗೆ ಉಸಿರು ಬಿಡ್ತಾ ‘ಮನೇಲೂ ನಿದ್ದೆ ಏನ್ ಬರಲ್ಲ ಬಿಡು’ ಅಂದಿದ್ದೀಯ. ಅದಕ್ಕೆ ಉತ್ತರವಾಗಿ ನಾನು ಇಲ್ಲಿ ತನಕ ಪಟ್ಟಿ, ಕೊಕ್ಕೆ, ಡಿಗ್ರಿ ಬರೆದಿದ್ದೀನಿ. ನಾವಿಬ್ಬರೂ ಮಾತಾಡೋದೇ ಹಿಂಗೆ ಅಲ್ವಾ? ಟೈರು, ಮೈಲೇಜು, ಬೋರ್‌ವೆಲ್, ಯಾವ ಟಾರ್ಚು ಒಳ್ಳೇದು. ಅದರಲ್ಲಿ ನಾನು ಪಂಟರು. ನೀನು ಹೆಂಗಿದ್ದೀಯ ಅಂತ ಕೇಳೋದಕ್ಕೆ ನನಗೆ ಒಂದು ಸಾಮಾನು ಬೇಕು, ಮಧ್ಯದಲ್ಲಿ ಇಟ್ಕೊಳ್ಳೋಕೆ.

ನನ್ನ ಹ್ಯಾಮಕ್ ತೋಟ ನೋಡದೇ ಎಷ್ಟೋ ಕಾಲ ಆಯ್ತು. ಈಗ ಅದು ಮಹಡಿ ಮೇಲೆ, ಟ್ಯಾಂಕ್ ಹೊತ್ತ ಪಿಲ್ಲರುಗಳ ನಡುವೆ ಇದೆ. ಒಳಗೆ ಸೆಕೆ ಅಂತ ಮನೇಲಿ ಹೇಳಿದ್ದೀನಿ. ಸಂಕ್ರಾಂತಿ ಟೈಮಲ್ಲೂ ಸೆಕೆ ಅಂತಲೇ ಹೇಳಿದ್ದೀನಿ. ಒಳಗೆ ಮಲಗಿದ್ರೆ ನಡುರಾತ್ರಿ ಎಚ್ಚರ ಆಗಿ ಲೆಕ್ಕ ಶುರು ಆಗುತ್ತೆ: ಸಾಲದ ಕಂತು, ಅಪ್ಪನ ಮಾತ್ರೆ, ಮಗಳ ಫೀಸು. ಲೆಕ್ಕ ಹೆಂಗೋ ತಾಳೆ ಆಗುತ್ತೆ, ಆದ್ಮೇಲೂ ಎದೆ ಮೇಲೆ ಏನೋ ಕೂತಿರುತ್ತೆ. ಪಕ್ಕದಲ್ಲಿ ಅವಳು ಎಚ್ಚರ ಇದ್ದಾಳೆ ಅಂತ ನನಗೆ ಗೊತ್ತಿರುತ್ತೆ, ನಾನು ಎಚ್ಚರ ಇದ್ದೀನಿ ಅಂತ ಅವಳಿಗೂ. ಇಬ್ಬರೂ ಮಲಗಿದವರ ಹಂಗೆ ಉಸಿರಾಡ್ತೀವಿ. ಹ್ಯಾಮಕ್‌ನಲ್ಲಿ ಪಕ್ಕ ಅನ್ನೋದೇ ಇಲ್ಲ, ಒಬ್ಬನಿಗಷ್ಟೇ ಬಟ್ಟೆ. ಅದು ಹಿತ ಅನ್ನಿಸ್ತಿದೆ. ಹಿತ ಅನ್ನಿಸ್ತಿರೋದೇ ಯಾಕೋ ಸರಿ ಇಲ್ಲ ಅಂತಲೂ ಅನ್ನಿಸ್ತಿದೆ. ದಾವಣಗೆರೆ ಬೇಸಿಗೆಗೆ ಮನೆಮಂದಿಯೆಲ್ಲ ಮಹಡಿ ಮೇಲೆ ಸಾಲಾಗಿ ಚಾಪೆ ಹಾಸ್ಕೊಂಡು, ಯಾರ ಮಾತಿಗೆ ಯಾರು ಹೂಂಗುಟ್ತಿದ್ದಾರೆ ಗೊತ್ತಾಗದೇ ನಿದ್ದೆ ಹೋಗ್ತಿದ್ದ ಜನ ನಾವು. 83 ಪರ್ಸೆಂಟ್ ಹುರಿ ಕಟ್ಟಿ ಯಾರಿಗೋಸ್ಕರ ಇಷ್ಟು ಒಂಟಿ ಹಾಸಿಗೆ ಮಾಡ್ಕೊಂಡ್ವಿ ಮಾರಾಯ?

ಆಯ್ತು, ಸಾಕು. ಇದನ್ನ ಅವಳು ಓದಿದ್ರೆ ನನ್ನ ಸೆಕೆ ನಾಟಕಕ್ಕೆ ಮಂಗಳ. ನಿದ್ದೆ ವಾರಗಟ್ಟಲೆ ಹಿಂಗೇ ಕೈಕೊಟ್ರೆ ಡಾಕ್ಟರಿಗೆ ತೋರಿಸಬೇಕು ಅನ್ನೋದು ಇಬ್ಬರಿಗೂ ಗೊತ್ತಿರೋ ಮಾತು. ನೀನು ಮೊದಲು ಹೋಗಿ ಬಾ. ಬದುಕಿ ಬಂದ್ರೆ ನಾನೂ ಹೋಗ್ತೀನಿ. ಕೆಳಗೆ ಕಾಮೆಂಟಲ್ಲಿ ‘ಟೇಕ್ ಕೇರ್ ಬ್ರೋ’ ಹಾಕೋರಿಗೆ ಎಲ್ಲಾ ಒಂದೊಂದು ಫೋಮ್ ಚಾಪೆಯ ಲೆಕ್ಕ ಬರೆದಿಟ್ಕೊಳ್ತೀನಿ.

ಸೊಳ್ಳೆ ವಿಷಯ ಬಾಕಿ ಇದೆ. ಮೇಲಷ್ಟೇ ಮುಚ್ಚೋ ಪರದೆ ಉಪಯೋಗ ಇಲ್ಲ, ಒಂದೇ ಪದರದ ಬಿಗಿ ಬಟ್ಟೆಯಲ್ಲಿ ಅವು ಕೆಳಗಿನಿಂದ ಚುಚ್ಚುತ್ತವೆ. ಹ್ಯಾಮಕ್ ಪೂರ್ತಿ ಒಳಗೆ ಕೂರೋ ಚೀಲದಂಥ ಪರದೆ ತಗೋ, ಇಲ್ಲಾ ಹಾಸಿದ ಕಂಬಳಿ ಪಕ್ಕೆ ತನಕ ಬರಲಿ. ಚಪ್ಪಲಿ, ಶೂ ನೆಲದ ಮೇಲೆ ಬಿಡದೆ ಪಟ್ಟಿಗೆ ನೇತುಹಾಕು. ಬೆಳಿಗ್ಗೆ ಕೊಡವಿಯೇ ಹಾಕ್ಕೋ, ಚೇಳಿಗೆ ಶೂ ಅಂದ್ರೆ ಪ್ರೀತಿ.

ಮಳೆಗೆ 3 ಮೀಟರ್ ಚೌಕದ ತಾಡಪಾಲು ಸಾಕು. ಮೂಲೆ ಮರದ ಕಡೆ ಬರೋ ಹಂಗೆ ಓರೆಯಾಗಿ ಕಟ್ಟು. ತಾಡಪಾಲಿನ ಹೊರಗಿರೋ ಪಟ್ಟಿ ನೆಂದು ನೀರು ಅದರ ಗುಂಟ ಹ್ಯಾಮಕ್ ಒಳಗೆ ಬರುತ್ತೆ. ತಾಡಪಾಲಿನ ಒಳಗಡೆ ಪಟ್ಟಿಗೆ ಒಂದು ಗೇಣು ಹತ್ತಿ ದಾರ ಕಟ್ಟಿ ಇಳಿಬಿಡು, ನೀರು ಅಲ್ಲೇ ತೊಟ್ಟಿಕ್ಕುತ್ತೆ. ದುರ್ಗದ ಗುಡ್ಡದ ಮೇಲೆ ಗಾಳಿಗಿರಣಿ ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನ ಗಾಳಿ ಪಡುವಣದಿಂದ ಹೊಡೆಯುತ್ತೆ, ಹಂಗಾಗಿ ಹ್ಯಾಮಕ್ ಉತ್ತರ-ದಕ್ಷಿಣ ಕಟ್ಟಿ ಪಡುವಣದ ಮಗ್ಗುಲನ್ನ ನೆಲಕ್ಕೆ ಇಳಿಸಿ ಗೂಟ ಹೊಡಿ. ತಲೆ ದಕ್ಷಿಣಕ್ಕೆ ಹಾಕು, ನಿಮ್ಮತ್ತೆಯೂ ಒಪ್ತಾರೆ. ಗುಡುಗು ಶುರು ಆದ್ರೆ ಎಲ್ಲಾ ಬಿಟ್ಟು ಮನೆ ಸೇರ್ಕೋ, ಬದುವಿನ ಒಂಟಿ ಮರದ ಕೆಳಗೆ ಇರೋದು ಬೇಡ.

ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗೋಣ ಅಂತ ನೀನು ಅಂದಿದ್ದೆ. ಅದು ವನ್ಯಧಾಮ. ಜಗಳೂರಿನ ರಂಗಯ್ಯನದುರ್ಗವೂ ಅಷ್ಟೇ, ಅಲ್ಲಿರೋದು ಕೊಂಡುಕುರಿ, ಅಂದ್ರೆ ನಾಲ್ಕು ಕೊಂಬಿನ ಚಿಗರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗಂಗಿಲ್ಲ, ರಾತ್ರಿ ತಂಗೋದು ದೂರದ ಮಾತು. ಕಾನೂನು ಬದಿಗಿಟ್ರೂ ಅಲ್ಲಿ ಕರಡಿ, ಚಿರತೆ ಇವೆ. ಜಿಪ್ ಎಳೆದ ಪರದೆಯೊಳಗೆ ಮಲಗಿದವನಿಗೆ ಎದ್ದು ಓಡೋ ಯೋಗ ಇಲ್ಲ. ಮಾವನ ತೋಟ, ಬೇಲಿ ಒಳಗೆ, ಮನೆ ಕೂಗಳತೆಯಲ್ಲಿ. ಅಷ್ಟು ಸಾಕು ನಮ್ಮ ಶೌರ್ಯಕ್ಕೆ.

ಶನಿವಾರ ಪಟ್ಟಿ, ಹುರಿ ತಗೊಂಡು ನಾನೇ ಬರ್ತೀನಿ. ನನ್ನ ಹ್ಯಾಮಕ್ ತರ್ತಿಲ್ಲ, ಕಟ್ಟೆ ಮೇಲೆ ಚಾಪೆ ಇದ್ರೆ ಸಾಕು. ಬರೋವಾಗ ಮಂಡಕ್ಕಿ, ಮಿರ್ಚಿ ತರ್ತೀನಿ, ಆದ್ರೆ ಮಿರ್ಚಿ ತಿಂದ ಕೂಡ್ಲೇ ಹ್ಯಾಮಕ್ ಹತ್ತಬೇಡ. ಎದೆ ಉರಿಯುತ್ತೆ, ಉರಿ ಇಳೀಲಿ ಅಂತ ತಲೆ ಕಡೆ ಎತ್ತರಿಸ್ತೀಯ, ಕಾಲ ಕಡೆ ಜಾರ್ತೀಯ, ಆಮೇಲೆ ಮತ್ತೆ ವಾಯ್ಸ್ ಮೆಸೇಜ್ ಕಳಿಸ್ತೀಯ.

ನಿನ್ನ,
ಬಕೆಟ್ ಸಾಕ್ಷಿ